ಎಣಿಕೆ ತಪ್ಪದಂತೆ ಪ್ರೋಗ್ರಾಂ ಬರೆಯುವುದನ್ನೂ ಕಲಿಸಲಿ

ಮಾನ್ಯ ಸಂಪಾದಕರೇ,

ಮಂಡ್ಯದ ಕಾಲೇಜೊಂದರಲ್ಲಿ ನಾನು ಸ್ವಿಫ್ಟ್ ಭಾಷೆಯಲ್ಲಿ ಪ್ರೋಗ್ರಾಮಿಂಗ್ ಕಲಿಸುತ್ತೇನೆ. ಹಳ್ಳಿಯ ಡೇರಿಗೆ ಯಾವ ಸದಸ್ಯರು ವಾರದಲ್ಲಿ ಎಷ್ಟು ಹೊತ್ತು ಹಾಲು ಹಾಕಿದರು ಎಂದು ಲೆಕ್ಕವಿಡುವ ಆ್ಯಪ್ ಒಂದನ್ನು ಈ ವರ್ಷ ನಮ್ಮ ವಿದ್ಯಾರ್ಥಿಗಳು ಮಾಡಿದ್ದರು. ಬೆಳಿಗ್ಗೆ, ಸಂಜೆ ತಪ್ಪದೆ 14 ಹೊತ್ತು ಹಾಲು ಹಾಕಿದ 27ನೇ ನಂಬರಿನ ಸದಸ್ಯರಿಗೆ ಅದು 11 ಎಂದು ತೋರಿಸಿತು. ಉಳಿದ ಮೂರು ಎಲ್ಲಿ ಹೋದವು ಎಂದು ಹುಡುಕಲು ನಮಗೆ ಇಡೀ ಮಧ್ಯಾಹ್ನ ಹಿಡಿಯಿತು.

ವಿದ್ಯಾರ್ಥಿಗಳು ಬಳಸಿದ್ದು ಸ್ವಿಫ್ಟ್‌ಗಿಂತ ಹಳೆಯದಾದ ಆಬ್ಜೆಕ್ಟಿವ್-ಸಿ ಭಾಷೆಯ ಕಾಲದಿಂದ ಬಂದಿರುವ, ಪ್ರತಿ ಮೌಲ್ಯ ಎಷ್ಟು ಸಲ ಬಂತೆಂದು ಎಣಿಸಿಡುವ ಎನ್‌ಎಸ್‌ಕೌಂಟೆಡ್‌ಸೆಟ್. ಅದು ಯಾವ ಬಗೆಯ ಮೌಲ್ಯವನ್ನಾದರೂ ಒಳಗೆ ಬಿಟ್ಟುಕೊಳ್ಳುವುದರಿಂದ, ಮೂರು ಸಲ ಅಕ್ಷರರೂಪದಲ್ಲಿ ಬಂದ 27 ಬೇರೆ, ಸಂಖ್ಯೆಯಾಗಿ ಬಂದ 27 ಬೇರೆ ಎಂದು ಎಣಿಸಿ, ಒಬ್ಬರನ್ನೇ ಇಬ್ಬರಾಗಿಸಿತ್ತು. ಸಾಲದೆಂಬಂತೆ, ಅದರ ಕೌಂಟ್ ಕೊಡುವುದು ಒಟ್ಟು ಎಣಿಕೆಯನ್ನಲ್ಲ, ಒಳಗಿರುವ ಬೇರೆ ಬೇರೆ ಮೌಲ್ಯಗಳು ಎಷ್ಟೆಂಬುದನ್ನು ಮಾತ್ರ.

ಸದಸ್ಯರ ನಂಬರನ್ನೂ ಎಣಿಕೆಯನ್ನೂ ಇಂಟ್ (ಪೂರ್ಣಾಂಕ) ಎಂದು ಘೋಷಿಸಿದ ಡಿಕ್ಷನರಿ, ಅಂದರೆ ಪ್ರತಿ ನಂಬರಿಗೆ ಅದರ ಎಣಿಕೆಯನ್ನು ಜೋಡಿಸಿಡುವ ಸಂಗ್ರಹ, ಇದ್ದರೆ ಅಕ್ಷರರೂಪದ 27 ಅನ್ನು ಪ್ರೋಗ್ರಾಂ ಓಡುವ ಮೊದಲೇ ಕಂಪೈಲರೇ ತಡೆಯುತ್ತಿತ್ತು. 2017ರ ಸ್ವಿಫ್ಟ್ 4ರಿಂದ, ನಂಬರು ಇಲ್ಲದಿದ್ದರೆ ಸೊನ್ನೆಯಿಂದ ಶುರುಮಾಡು ಎಂದು ಡಿಫಾಲ್ಟ್ ಕೊಟ್ಟು ಒಂದೇ ಸಾಲಿನಲ್ಲಿ ಒಂದನ್ನು ಕೂಡಿಸಬಹುದು. ಆದರೆ ತಪ್ಪು ನಮೂದನ್ನು ಕಳೆದು ಎಣಿಕೆ ಸೊನ್ನೆಯಾದಾಗ ಆ ಸದಸ್ಯರನ್ನು ಡಿಕ್ಷನರಿಯಿಂದ ನಾವೇ ತೆಗೆಯಬೇಕು; ಹಳೆಯ ಸೆಟ್ ಈ ಕೆಲಸವನ್ನು ತಾನೇ ಮಾಡುತ್ತಿತ್ತು ಎಂಬುದನ್ನೂ ಒಪ್ಪಬೇಕು.

ಇನ್ನೊಂದು ತಪ್ಪು ಇದಕ್ಕಿಂತ ಸಣ್ಣದು, ಆದರೆ ಹೆಚ್ಚು ಕಾಣುವಂಥದ್ದು. ಪಟ್ಟಿಯನ್ನು ಒಂದೊಂದಾಗಿ ಓದಲು ಸೊನ್ನೆಯಿಂದ ಅದರ ಕೌಂಟ್‌ಗಿಂತ ಒಂದು ಕಡಿಮೆಯವರೆಗೆ ಎಂದು ಎರಡೂ ತುದಿ ಸೇರುವ ಮೂರು ಚುಕ್ಕೆಯ (...) ವ್ಯಾಪ್ತಿ ಬರೆದರೆ, ಯಾರೂ ಹಾಲು ಹಾಕದ ದಿನದ ಖಾಲಿ ಪಟ್ಟಿಯಲ್ಲಿ ಅದು ಸೊನ್ನೆಯಿಂದ ಮೈನಸ್ ಒಂದರವರೆಗೆ ಎಂದಾಗಿ ಆ್ಯಪ್ ಅಲ್ಲೇ ನಿಂತುಹೋಗುತ್ತದೆ. ಪಟ್ಟಿಯ ಮೇಲೆ ನೇರವಾಗಿ ಫಾರ್-ಇನ್ ಎಂಬ ಆವರ್ತನೆ ನಡೆಸಿದರೆ, ಕ್ರಮಸಂಖ್ಯೆ ಬೇಕೇ ಬೇಕಾದಲ್ಲಿ ಪಟ್ಟಿಯೇ ಕೊಡುವ ಇಂಡಿಸಸ್ ಬಳಸಿದರೆ, ಈ ತೊಂದರೆಯೇ ಇಲ್ಲ.

ಈ ಎರಡೂ ತಪ್ಪುಗಳಿದ್ದ ಪ್ರಾಜೆಕ್ಟಿಗೆ ಮೊದಲ ಪರಿಶೀಲನೆಯಲ್ಲಿ ನಾನೇ ಪೂರ್ತಿ ಅಂಕ ಕೊಟ್ಟಿದ್ದೆ, ಏಕೆಂದರೆ ತುಂಬಿದ ಪಟ್ಟಿಯ ಮೇಲೆ ಮಾತ್ರ ಓಡಿಸಿ ನೋಡಿದ್ದೆ. ನಮ್ಮ ಭಾಗದ ಕಾಲೇಜುಗಳ ಪ್ರಾಯೋಗಿಕ ಪರೀಕ್ಷೆಗಳಲ್ಲಿ ಖಾಲಿ ಪಟ್ಟಿಯನ್ನೂ ಬೆರಕೆ ನಮೂದುಗಳನ್ನೂ ಕೊಟ್ಟು ನೋಡಿದ ಮೇಲೆಯೇ ಅಂಕ ಹಾಕುವಂತಾಗಲಿ ಎಂದು ಪ್ರಶ್ನೆಪತ್ರಿಕೆ ರೂಪಿಸುವವರಲ್ಲಿ ವಿನಂತಿಸುತ್ತೇನೆ.

– ಉಪನ್ಯಾಸಕಿ, ಮಂಡ್ಯ