ಮಾಯಾಲೋಕದ ಪುಸ್ತಕ: ದೂರುವ ಮೊದಲು ಓದಿ

ಮಾನ್ಯರೆ,

ಮಾಟ-ಮಂತ್ರದ ಕಥೆಪುಸ್ತಕಗಳನ್ನು ಶಾಲಾ ಗ್ರಂಥಾಲಯದಿಂದ ತೆಗೆಸಿ ಎನ್ನುವ ದೈವಭಕ್ತ ಪಾಲಕರ ಆತಂಕವನ್ನು ನಕ್ಕು ತಳ್ಳಬೇಕಿಲ್ಲ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನೇ ನಂಬಿ ಬರೆದ ದೂರು ನಿಲ್ಲುವುದಿಲ್ಲ. ಫಿಲಿಪ್ ಪುಲ್‌ಮನ್ ಅವರ ಮಾಯಾಲೋಕದ ಕಾದಂಬರಿ ಆಧರಿಸಿದ 2007ರ ‘ದಿ ಗೋಲ್ಡನ್ ಕಂಪಾಸ್’ ಸಿನಿಮಾದಲ್ಲಿ ಮೂಲದಲ್ಲಿದ್ದ ಚರ್ಚ್ ಟೀಕೆಯನ್ನು ಸಾಕಷ್ಟು ಮಂದಗೊಳಿಸಿದ್ದರು. ಆದರೂ ಅಮೆರಿಕದಲ್ಲಿ ಬಹಿಷ್ಕಾರದ ಕರೆ ಬಂತು. ಸಿನಿಮಾ ಮೆಚ್ಚಿದ ಮಕ್ಕಳು ಪುಸ್ತಕ ಹಿಡಿದಾರು ಎಂಬುದೇ ವಿರೋಧಿಗಳ ಚಿಂತೆ. ಅಂದರೆ ಸಿನಿಮಾ ನೋಡಿ ಪುಸ್ತಕದ ತೀರ್ಪು ಕೊಡಲಾಗದು.

ದೂರು ಕೊಡುವವರು ಪುಸ್ತಕ ಪೂರ್ತಿ ಓದಿ, ಆಕ್ಷೇಪದ ಪುಟಸಂಖ್ಯೆ, ಸಾಲು, ಮಗುವಿನ ತರಗತಿ ಬರೆದುಕೊಡಲಿ. ಬರೀ ‘ಮಂತ್ರವಿದೆ’ ಎಂದರೆ ಬೇತಾಳನನ್ನೂ ಕಪಾಟಿನಿಂದ ಇಳಿಸಬೇಕಾದೀತು! ಸರಣಿಯ ಎಲ್ಲ ಭಾಗ ಒಂದೇ ವಯಸ್ಸಿಗಲ್ಲ: ಹ್ಯಾರಿ ಪಾಟರ್‌ನ 7 ಪುಸ್ತಕಗಳಲ್ಲಿ ಮೊದಲಿನವು ಐದನೇ ತರಗತಿಗೆ ಸರಿ, ನಾಲ್ಕನೆಯದರಿಂದ ಸಾವು-ನೋವು ಹೆಚ್ಚು; ಅವನ್ನು ಹೈಸ್ಕೂಲಿಗೆ ಬಿಡುವುದು ಲೇಸು. ಸಿನಿಮಾಗಳಿಗೂ ಇದೇ ಮಾತು: ಮಕ್ಕಳು ಪಾಲಕರ ಮಾರ್ಗದರ್ಶನದಲ್ಲಿ ನೋಡಬೇಕಾದ ‘ಯುಎ’ ದರ್ಜೆಯ ಹೊಸ ಸಿನಿಮಾಗಳ ಪ್ರಮಾಣಪತ್ರದಲ್ಲಿ ಯುಎ 7+, 13+, 16+ ಎಂದು ವಯಸ್ಸೂ ಇರುತ್ತದೆ. ಹಳೆಯವಕ್ಕೆ ಬರೀ ಯುಎ, ಅವನ್ನು ಪಾಲಕರೇ ಮೊದಲು ನೋಡಬೇಕು.

ತಮ್ಮ ಮಗುವಿಗೆ ಬೇಡವೆಂದರೆ ಅದರ ಗ್ರಂಥಾಲಯ ಕಾರ್ಡಿನ ಮೇಲೆ ಪುಸ್ತಕದ ಹೆಸರು ಬರೆಸಲಿ. ಉಳಿದ ಮಕ್ಕಳ ಮಾತು ಅವರವರ ಮನೆಗೆ ಬಿಟ್ಟದ್ದು.

– ಶಾಲಾ ಗ್ರಂಥಪಾಲಕರು, ವಿಜಯಪುರ