ಹೈಡ್ರೋಜನ್ ಲೆಕ್ಕದಲ್ಲಿ ವೇಗವರ್ಧಕವೂ ಇರಲಿ

ಮಾನ್ಯ ಸಂಪಾದಕರೇ,

2023ರ ಜನವರಿಯಲ್ಲಿ ಕೇಂದ್ರ ಸರ್ಕಾರ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ (ಸೌರ, ಗಾಳಿ ವಿದ್ಯುತ್ತಿನಿಂದ ನೀರು ಒಡೆದು ತೆಗೆಯುವಂಥದ್ದು) ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆಮೇಲೆ ಎಲ್ಲಿ ನೋಡಿದರೂ ಎಷ್ಟು ತಯಾರಿಸುತ್ತೇವೆ ಎಂಬುದೇ ಮಾತು. ತಯಾರಿಸಿದ್ದನ್ನು ಇಡುವುದು ಹೇಗೆ? ದ್ರವ ಮಾಡಬೇಕೆಂದರೆ ಮೈನಸ್ 253 ಡಿಗ್ರಿಗೆ ತಣಿಸಬೇಕು. ಕಾರವಾರದ ಬೈತಖೋಲ್‌ನ ಮೀನುಗಾರಿಕೆ ಬೋಟಿನಲ್ಲಿ ಅದು ಆಗುವ ಕೆಲಸವಲ್ಲ.

ಒಂದು ದಾರಿ ಫಾರ್ಮಿಕ್ ಆಸಿಡ್, ಹೈಡ್ರೋಜನನ್ನು ತನ್ನೊಳಗೆ ಹಿಡಿದಿಡುವ ದ್ರವ. ರಬ್ಬರ್ ಹಾಲು ಹೆಪ್ಪುಗಟ್ಟಲಿ ಎಂದು ನಾವು ನೀರು ಬೆರೆಸಿ ಹಾಕುತ್ತೇವಲ್ಲ, ಅದೇ. ಹೊನ್ನಾವರದ ನಮ್ಮ ತೋಟದ ಶೆಡ್ಡಿನಲ್ಲೂ ಇದರ ಕ್ಯಾನ್ ಇದೆ. ಕೈಗೆ ತಾಗಿದರೆ ಸುಡುತ್ತದೆ, ಹುಷಾರಾಗಿರಬೇಕು. ಅಪ್ಪಟ ಆಸಿಡ್ ಆದರೆ ಒಂದು ಲೀಟರಿನಲ್ಲಿ ಸುಮಾರು 53 ಗ್ರಾಂ ಹೈಡ್ರೋಜನ್ ಇರುತ್ತದೆ. ಒಳ್ಳೆಯ ವೇಗವರ್ಧಕ (ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು) ಸಿಕ್ಕರೆ 100 ಡಿಗ್ರಿಗಿಂತ ಕಡಿಮೆ ಬಿಸಿಯಲ್ಲೇ ಅದು ಹೊರಬರುತ್ತದೆ. ಜೊತೆಗೆ ಕಾರ್ಬನ್ ಡೈಆಕ್ಸೈಡ್ ಕೂಡ ಬರುತ್ತದೆ. ಅದನ್ನು ಹಿಡಿದು ಮತ್ತೆ ಆಸಿಡ್ ಮಾಡಬೇಕು. ಈಗ ಮಾರುಕಟ್ಟೆಯಲ್ಲಿರುವ ಆಸಿಡ್ ಹೆಚ್ಚಾಗಿ ಕಾರ್ಬನ್ ಮಾನಾಕ್ಸೈಡ್‌ನಿಂದ ತಯಾರಾದದ್ದು, ಹಸಿರು ಅಲ್ಲ.

ರಸಾಯನಶಾಸ್ತ್ರ ಕಲಿಸುವವಳಾಗಿ ನನ್ನ ಕಳಕಳಿ ವೇಗವರ್ಧಕದ್ದು. ಚೆನ್ನಾಗಿ ಕೆಲಸ ಮಾಡುವವು ಪಲ್ಲಾಡಿಯಂ, ರುಥೇನಿಯಂ, ಇರಿಡಿಯಂ ಎಂಬ ಲೋಹಗಳು. ಎಲ್ಲವೂ ದುಬಾರಿ. ದ್ರವದಲ್ಲಿ ಕರಗಿಸಿದರೆ ವಾಪಸ್ ತೆಗೆಯುವುದು ಕಷ್ಟ. ಸಿಲಿಕಾ ಅಥವಾ ಇದ್ದಿಲ ಪುಡಿಗೆ ಅಂಟಿಸಿದರೆ ಸೋಸಿ ತೆಗೆಯಬಹುದು. ಆಯಸ್ಕಾಂತ ಸೆಳೆಯುವಂಥ ಐರನ್ ಆಕ್ಸೈಡ್ ಕಣಕ್ಕೆ ಅಂಟಿಸಿದರೆ ಇನ್ನೂ ಸುಲಭ, ಆಯಸ್ಕಾಂತ ಹಿಡಿದರೆ ಪುಡಿಯೆಲ್ಲ ಒಂದು ಬದಿಗೆ ಬರುತ್ತದೆ. ನೋಡಲು ಬಹಳ ಚಂದ. ಆದರೆ ಪುಡಿ ಕೈಗೆ ಬಂತೆಂದು ಲೋಹವೂ ಬಂತು ಎನ್ನುವಂತಿಲ್ಲ. ಸ್ವಲ್ಪ ಸ್ವಲ್ಪವಾಗಿ ಅದು ದ್ರವಕ್ಕೆ ಬಿಟ್ಟುಕೊಳ್ಳುತ್ತದೆ. ಬಿಸಿಯಿರುವಾಗಲೇ ಪುಡಿ ಸೋಸಿ ತೆಗೆದು, ಉಳಿದ ದ್ರವ ಆಮೇಲೂ ಗುಳ್ಳೆ ಬಿಡುತ್ತದೆಯೇ ನೋಡಬೇಕು. ಬಿಟ್ಟರೆ ಲೋಹ ಸೋರಿದೆ ಎಂದೇ ಅನುಮಾನಿಸಬೇಕು.

'ಮರುಬಳಕೆಯ ವೇಗವರ್ಧಕ' ಎಂದು ಸುಮ್ನೆ ಹೇಳಿದರೆ ಸಾಲದು. ಎಷ್ಟು ಸಲ ಬಳಸಿದರು, ಪ್ರತಿ ಸಲ ಎಷ್ಟು ಲೋಹ ಹೋಯಿತು, ಹೊರಬಂದ ಅನಿಲದಲ್ಲಿ ವಿಷಕಾರಿ ಕಾರ್ಬನ್ ಮಾನಾಕ್ಸೈಡ್ ಎಷ್ಟಿತ್ತು ಎಂಬುದನ್ನು ಸಂಶೋಧಕರು ತಿಳಿಸಬೇಕು. ಸರ್ಕಾರ ಹಣ ಕೊಡುವಾಗ ಇದನ್ನು ಕೇಳಬೇಕು. ಸೋರಿದ ಲೋಹ ಅಳೆಯುವ ಯಂತ್ರಕ್ಕೆ ಬೆಲೆ ಜಾಸ್ತಿ, ಪ್ರತಿ ಕಾಲೇಜಿಗೂ ಕೊಡಲಾಗದು. ಜಿಲ್ಲೆಗೆ ಒಂದಾದರೂ ಬರಲಿ. ಶಿರಸಿ, ಕುಮಟಾ, ಕಾರವಾರದ ಎಂ.ಎಸ್ಸಿ. ಮಕ್ಕಳು ತಮ್ಮ ಸ್ಯಾಂಪಲ್ ತಂದು ಅಲ್ಲೇ ಪರೀಕ್ಷಿಸುವಂತಾಗಲಿ.

– ರಸಾಯನಶಾಸ್ತ್ರ ಉಪನ್ಯಾಸಕಿ, ಹೊನ್ನಾವರ