ಮಗಳಿಗೊಂದು ಪತ್ರ: ಕಿವಿಯಿಂದ ಗುರಿ ಇಡುವವರು

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಅಮ್ಮಾ, ಸಬ್‌ಮರೀನ್‌ಗೆ ಕಿಟಕಿನೇ ಇರಲ್ಲ, ಒಳಗಿರೋರು ಹೇಗೆ ಗುರಿ ಇಡ್ತಾರೆ?" ಅಂತ. ಆಗ ಎರಡು ಮಾತಲ್ಲಿ ಹೇಳಿ ಮುಗಿಸಿಬಿಟ್ಟೆ. ಆಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಅದಕ್ಕೇ ಈ ಪತ್ರ.

ನೀರಿನಡಿ ಕಿವಿಯೇ ಕಣ್ಣು. ಅಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದರ ನಾಲ್ಕು ಪಟ್ಟಿಗಿಂತ ಜಾಸ್ತಿ. ನೀರಿನಡಿಯ ಸದ್ದು ಹಿಡಿಯುವ ಯಂತ್ರ, ಸೋನಾರ್, ಅದರ ಮುಂದೆ ಕೂತವರು ದೂರದ ಹಡಗಿನ ಪ್ರೊಪೆಲ್ಲರ್ ಸದ್ದು ಹಿಡಿಯುತ್ತಾರೆ. ಅದರ ಬಡಿತ ಎಣಿಸಿ ಹಡಗಿನ ವೇಗವನ್ನೂ ಅಂದಾಜು ಮಾಡುತ್ತಾರೆ. ತಾವೇ ಸದ್ದು ಕಳಿಸಿ ಅದರ ಮಾರ್ದನಿ ಹಿಡಿದರೆ ದೂರ ತಕ್ಷಣ ಗೊತ್ತಾಗುತ್ತದೆ. ಆದರೆ ಅದು "ನಾನಿಲ್ಲಿದ್ದೀನಿ" ಅಂತ ಕೂಗಿದ ಹಾಗೆ. ಹಾಗಾಗಿ ಸುಮ್ನೆ ಕೇಳುತ್ತಾ ಇರುತ್ತಾರೆ.

ಹಾಗೆ ಕೇಳಿದರೆ ಸಿಗುವುದು ದಿಕ್ಕು ಮಾತ್ರ. ಹಡಗು ಹತ್ತಿರದಲ್ಲಿ ನಿಧಾನಕ್ಕೆ ಹೋಗುತ್ತಿದೆಯಾ, ದೂರದಲ್ಲಿ ಜೋರಾಗಿ ಹೋಗುತ್ತಿದೆಯಾ, ಗೊತ್ತಾಗುವುದಿಲ್ಲ. ನನಗೆ ತುಂಬಾ ಇಷ್ಟವಾದ ಭಾಗ ಇದು. ಒಂದು ಹಾಳೆ ತಗೋ. ನೇರವಾಗಿ ಒಂದು ಗೆರೆ ಎಳಿ, ಅದು ನಮ್ಮ ಸಬ್‌ಮರೀನ್ ದಾರಿ. ಅದರ ಮೇಲೆ ಸಮ ಅಂತರಕ್ಕೆ ಮೂರು ಚುಕ್ಕಿ ಇಡು. ಮೂರು ನಿಮಿಷಕ್ಕೊಂದು ಚುಕ್ಕಿ ಅಂದುಕೋ. ಪ್ರತಿ ಚುಕ್ಕಿಯಿಂದ ಸದ್ದು ಬಂದ ಕಡೆಗೆ ಉದ್ದಕ್ಕೆ ಗೆರೆ ಎಳಿ. ಈಗ ಕಾಗದದ ಪಟ್ಟಿಯೊಂದರಲ್ಲಿ ಸಮ ಅಂತರಕ್ಕೆ ಮೂರು ಗುರುತು ಹಾಕಿ, ಮೂರೂ ಗುರುತು ಮೂರೂ ಗೆರೆಗೆ ತಾಗುವಂತೆ ಇಟ್ಟು ನೋಡು. ಆ ಗುರುತುಗಳು ಆಯಾ ಹೊತ್ತಿಗೆ ಹಡಗು ಇದ್ದ ಜಾಗ ಅಂದುಕೋ. ಪಟ್ಟಿ ಹತ್ತಿರದಲ್ಲಿ ಕೂರುತ್ತದೆ. ಅಂತರ ಜಾಸ್ತಿ ಇರುವ ಇನ್ನೊಂದು ಪಟ್ಟಿ ಮಾಡಿದರೆ ದೂರದಲ್ಲೂ ಅಷ್ಟೇ ಚೆನ್ನಾಗಿ ಕೂರುತ್ತದೆ. ಯಾವುದು ನಿಜ?

ಅದನ್ನು ತಿಳಿಯಲು ಸಬ್‌ಮರೀನ್ ತಾನೇ ತಿರುಗಬೇಕು. ಬೇರೆ ದಾರಿ ಹಿಡಿದು ಮತ್ತೆ ದಿಕ್ಕು ನೋಡಬೇಕು. ಆ ಹೊಸ ಗೆರೆಗಳನ್ನೂ ಎಳೆದು ನೋಡು, ಹಿಂದೆ ಕೂರುತ್ತಿದ್ದ ಪಟ್ಟಿಗಳೆಲ್ಲ ತಪ್ಪಿಹೋಗಿ ಒಂದೇ ಒಂದು ಉಳಿಯುತ್ತದೆ. ಈ ಹೊತ್ತಿನಲ್ಲಿ ಆ ಹಡಗು ದಾರಿ ಬದಲಿಸಿದರೆ ಮಾತ್ರ ಮತ್ತೆ ಮೊದಲಿನಿಂದ ಶುರು ಮಾಡಬೇಕು.

ನೀರಿನ ಮೇಲಕ್ಕೆ ಚಾಚುವ ನೋಡುಗೊಳವೆ ಪೆರಿಸ್ಕೋಪ್‌ನಲ್ಲಿ ನೋಡಬಹುದಾದಾಗ ಕೆಲಸ ಸ್ವಲ್ಪ ಸುಲಭ. ಹಡಗಿನ ಕಂಬದ ಎತ್ತರ ಗೊತ್ತಿದ್ದರೆ, ಅದು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದರಿಂದ ದೂರ ಸಿಗುತ್ತದೆ. ಅದರ ಮೂತಿ ಎಷ್ಟು ಓರೆಯಾಗಿದೆ ಎಂಬುದನ್ನು ಕಣ್ಣಳತೆಯಲ್ಲೇ ಹೇಳುತ್ತಾರೆ.

ಇಷ್ಟಾದ ಮೇಲೂ ಹಡಗು ಇರುವ ಕಡೆಗೆ ಟಾರ್ಪಿಡೊ, ಅಂದರೆ ನೀರಿನಡಿ ಓಡಿ ಸಿಡಿಯುವ ಅಸ್ತ್ರ, ಬಿಟ್ಟರೆ ಪ್ರಯೋಜನವಿಲ್ಲ. 45 ನಾಟ್ (ಗಂಟೆಗೆ ಸುಮಾರು 83 ಕಿಲೋಮೀಟರ್) ವೇಗದ ಟಾರ್ಪಿಡೊ 2000 ಮೀಟರ್ ಹೋಗಲು ಸುಮಾರು 86 ಸೆಕೆಂಡ್ ಬೇಕು. ಅಷ್ಟರಲ್ಲಿ 15 ನಾಟ್‌ನ ಹಡಗು ಸುಮಾರು 670 ಮೀಟರ್ ಮುಂದೆ ಹೋಗಿರುತ್ತದೆ. ಅದು ಹೋಗಿ ಸೇರುವ ಜಾಗಕ್ಕೇ ಬಿಡಬೇಕು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸಬ್‌ಮರೀನ್‌ಗಳಲ್ಲಿ ಈ ಲೆಕ್ಕ ಮಾಡಲು ಹಲ್ಲುಚಕ್ರಗಳ ಯಂತ್ರವೇ ಇತ್ತು. ಅದು ಹೇಳಿದ ಕೋನವನ್ನು ಟಾರ್ಪಿಡೊ ಒಳಗೆ ದಿಕ್ಕು ಕಾಯುವ ಗೈರೊಸ್ಕೋಪ್‌ಗೆ ಕೊಡುತ್ತಿದ್ದರು.

ಈ ಕೇಳುವ ಲೆಕ್ಕದ ಬಗ್ಗೆ ಯೋಚಿಸಿದಾಗೆಲ್ಲ ನನಗೆ 1945ರ ಫೆಬ್ರವರಿ 9 ನೆನಪಾಗುತ್ತದೆ. ನಾರ್ವೆ ಕರಾವಳಿಯಲ್ಲಿ ಬ್ರಿಟನ್ನಿನ ಸಬ್‌ಮರೀನ್ ವೆಂಚರರ್, ಜರ್ಮನಿಯ ಸಬ್‌ಮರೀನ್ ಯು-864ನ್ನು ಗಂಟೆಗಟ್ಟಲೆ ಸದ್ದಿಲ್ಲದೆ ಹಿಂಬಾಲಿಸಿತು. ಎರಡೂ ನೀರಿನೊಳಗೆ. ಯು-864 ಅಂಕುಡೊಂಕಾಗಿ ಹೋಗುತ್ತಿತ್ತು. ವೆಂಚರರ್‌ನ ನಾಯಕ ಜಿಮ್ಮಿ ಲಾಂಡರ್ಸ್ ಆ ತಿರುವುಗಳಲ್ಲೂ ಒಂದು ಕ್ರಮ ಕಂಡರು. ಆಳವನ್ನೂ ಊಹಿಸಬೇಕಿತ್ತು. ಅಂಥ ಲೆಕ್ಕಕ್ಕೆ ಯಂತ್ರ ಇರಲಿಲ್ಲ, ಎಲ್ಲ ಕೈಯಲ್ಲೇ. ನಾಲ್ಕು ಟಾರ್ಪಿಡೊ ಬಿಟ್ಟರು. ಮೂರು ತಪ್ಪಿದವು, ನಾಲ್ಕನೆಯದು ತಾಗಿತು. ಎರಡೂ ಮುಳುಗಿರುವಾಗ ಒಂದು ಸಬ್‌ಮರೀನ್ ಇನ್ನೊಂದನ್ನು ಮುಳುಗಿಸಿದ ಘಟನೆ ಯುದ್ಧಗಳ ದಾಖಲೆಯಲ್ಲಿ ಇದೊಂದೇ.

ಆ ಲೆಕ್ಕದ ಜಾಣತನಕ್ಕೆ ನನಗೆ ಬೆರಗು. ಆದರೆ ಯು-864ರಲ್ಲಿ 73 ಜನ ಇದ್ದರು ಪುಟ್ಟಿ, ಒಬ್ಬರೂ ಬದುಕಲಿಲ್ಲ. ಟಾರ್ಪಿಡೊ ಬರುವ ಸದ್ದು ಅವರಿಗೂ ಕೇಳಿತ್ತು. ತಪ್ಪಿಸಿಕೊಳ್ಳಲು ತಿರುಗಿದ್ದರು. ಹಾಗೆ ತಿರುಗಿದ ದಾರಿಯಲ್ಲೇ ನಾಲ್ಕನೆಯದು ಸಿಕ್ಕಿತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಾಗದದ ಪಟ್ಟಿ ಮಾಡಿ ನೋಡು. ಕೂರದಿದ್ದರೆ ಹಾಳೆಯ ಫೋಟೊ ಕಳಿಸು, ಎಲ್ಲಿ ತಪ್ಪಿದೆ ಅಂತ ಇಬ್ಬರೂ ಸೇರಿ ಹುಡುಕೋಣ.

ನಿನ್ನ
ಅಮ್ಮ